ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳು

(ಶಾಲೆಗಳ ಸಂಖ್ಯೆಯನ್ನೂ ಸ್ಥಳವನ್ನೂ ನಿಶ್ಚಯಿಸುವ ಅಧಿಕಾರಿ ಮಹನೀಯರಿಗೆ ಒಂದು ಬಹಿರಂಗ ಪತ್ರ)

ಹೊಂಗನೂರು,
ಚನ್ನಪಟ್ಟಣ ತಾಲ್ಲೂಕು.

ಸನ್ಮಾನ್ಯರೆ,

ಈ ಪತ್ರವನ್ನು ಒಂದು ಕಚೇರಿಯ ವಿಳಾಸ ಬರೆದು ಅಂಚೆಗೆ ಹಾಕದೆ ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದುದಕ್ಕೆ ಕಾರಣವುಂಟು. ಒಂದು ಸೀಮೆಗೆ ಎಷ್ಟು ಶಾಲೆ ಬೇಕು, ಅವು ಎಲ್ಲಿರಬೇಕು, ಎಷ್ಟು ಕೊಠಡಿಯವಾಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡತಕ್ಕವರು ನಮ್ಮ ಆಡಳಿತದಲ್ಲಿ ಒಬ್ಬರಾಗಿಲ್ಲ. ಕೊಠಡಿಯ ಬೇಡಿಕೆಯನ್ನು ಬರೆದು ಕಳುಹಿಸುವವರು ಕ್ಷೇತ್ರ ಶಿಕ್ಷಣಾಧಿಕಾರಿಗಳು. ಹೊಸ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವವರು ನಗರ ಯೋಜನೆಯವರು. ಭೂಮಿಯ ಪಹಣಿ ತಾಲ್ಲೂಕು ಕಚೇರಿಯಲ್ಲಿ, ಇ-ಸ್ವತ್ತಿನ ಖಾತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಕೈಯಲ್ಲಿ, ಎಳೆಯ ಮಕ್ಕಳ ಎಣಿಕೆ ಅಂಗನವಾಡಿಯ ಕಾರ್ಯಕರ್ತೆಯ ಪುಸ್ತಕದಲ್ಲಿ. ಊರೆಲ್ಲ ನೆಂಟರಾದರೂ ಉಣ್ಣುವುದಕ್ಕೆ ಮನೆಯಿಲ್ಲವೆಂಬ ಮಾತಿನಂತೆ, ಇಷ್ಟೊಂದು ಕಚೇರಿಗಳಿಗೆ ಸಂಬಂಧಪಟ್ಟ ಶಾಲೆಯು ಯಾರ ಮೇಜಿನ ಮೇಲೂ ಪೂರ್ಣವಾಗಿ ಬಂದು ಕೂರುವುದಿಲ್ಲ. ಆದಕಾರಣ ತಮ್ಮೆಲ್ಲರನ್ನೂ ಒಟ್ಟಿಗೆ ಸಂಬೋಧಿಸುವ ಈ ಸಲಿಗೆಯನ್ನು ಮನ್ನಿಸಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಾನು ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತನಾಗಿರುವವನು. ದೊಡ್ಡ ಹುದ್ದೆಗಳನ್ನು ಕಂಡವನಲ್ಲ. ಆದರೆ ಪ್ರತಿವರ್ಷವೂ ಸೆಪ್ಟೆಂಬರ್ 30ರ ದಿನದ ಅಂಕಿಯನ್ನು ನಮೂನೆಯಲ್ಲಿ ತುಂಬಿ, ಮುಖ್ಯೋಪಾಧ್ಯಾಯರ ಮೊಹರು ಹಾಕಿಸಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿ.ಆರ್.ಪಿ.ಯವರ ಕೈಗೆ ಒಪ್ಪಿಸಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ತಾವು ಈಗ ಯು-ಡೈಸ್ ಎಂದು ಕರೆದು, ಶಾಲೆಗಳ ಹಣೆಬರಹಕ್ಕೆ ಆಧಾರವಾಗಿ ಇಟ್ಟುಕೊಂಡಿರುವ ಕೋಷ್ಟಕಗಳ ಬುಡದಲ್ಲಿ ನನ್ನಂಥವರ ಕೈಬರಹವಿದೆ. ಆ ಅಂಕಿಯು ಏನನ್ನು ಹೇಳುತ್ತದೆ, ಏನನ್ನು ಹೇಳದೆ ನುಂಗಿಕೊಳ್ಳುತ್ತದೆ ಎಂಬುದನ್ನು ಬರೆದವನು ಬಲ್ಲನೇ ಹೊರತು ಓದಿದವರು ಊಹಿಸಲಾರರು. ನಾನು ಇಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ನಮ್ಮ ಊರಿನ ಶಾಲೆಯಿಂದಲೇ ಮೊದಲು ಮಾಡುತ್ತೇನೆ. ಈ ಊರಿನ ಸರ್ಕಾರಿ ಶಾಲೆಯಲ್ಲಿಯೇ ಅಕ್ಷರ ಕಲಿತು, ವೈದ್ಯರಾಗಿ, ಕಣ್ವ ಡಯಾಗ್ನೋಸ್ಟಿಕ್ಸ್ ಸಂಸ್ಥೆಯನ್ನು ಕಟ್ಟಿದ ಡಾ. ಎಚ್.ಎಂ. ವೆಂಕಟಪ್ಪನವರು ಹತ್ತು ಕೋಟಿ ರೂಪಾಯಿಗೂ ಮಿಗಿಲಾದ ಹಣವನ್ನು ವೆಚ್ಚಮಾಡಿ ಆ ಶಾಲೆಗೆ ಹೊಸ ಕಟ್ಟಡವನ್ನು ಕಟ್ಟಿಸಿಕೊಟ್ಟಿರುವ ಸಂಗತಿಯನ್ನು ತಾವೆಲ್ಲರೂ ಬಲ್ಲಿರಿ. ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಮಕ್ಕಳನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿ ಕೂರಿಸುತ್ತ ಆಯುಷ್ಯ ಕಳೆದ ನನ್ನಂಥವನಿಗೆ ಆ ಕಟ್ಟಡದ ಮುಂದೆ ನಿಂತಾಗ ಮನಸ್ಸು ತುಂಬಿಬಂದುದು ಸುಳ್ಳಲ್ಲ. ಎಲ್‌ಕೆಜಿಯಿಂದ ಪದವಿಪೂರ್ವ ತರಗತಿಯವರೆಗೆ ಒಂದೇ ಅಂಗಳದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆ ಇಂದು ಹೊಂಗನೂರಿನಲ್ಲಿದೆ. ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಮಕ್ಕಳನ್ನು ಹತ್ತಿಸುತ್ತಿದ್ದ ತಾಯಂದಿರು ಒಮ್ಮೆ ಇತ್ತ ತಿರುಗಿ ನೋಡುವಂತಾಗಿದೆ. ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಜನ ಬರುತ್ತಾರೆಯೇ ಎಂಬ ಹಳೆಯ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆದರೆ ಆ ಸಂತೋಷದ ಬೆನ್ನಿಗೇ ಮತ್ತೊಂದು ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಹೊಂಗನೂರಿನ ಈ ಶಾಲೆಯು ಅಯಸ್ಕಾಂತದಂತೆ ಸುತ್ತಿನ ಮಕ್ಕಳನ್ನು ಸೆಳೆಯಬೇಕಾದ ಶಾಲೆಯೆಂದೂ, ಆಸುಪಾಸಿನಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿರುವ 7 ಸರ್ಕಾರಿ ಶಾಲೆಗಳನ್ನು ಇದರಲ್ಲಿ ಸೇರಿಸಬೇಕೆಂದೂ ಆ ಸುದ್ದಿ ಹೇಳಿತು. ವಿದ್ಯಾರ್ಥಿ ಸಂಘಟನೆಯವರು ಬೀದಿಗಿಳಿದು ವಿರೋಧಿಸಿದರು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರದ ಕಡೆಯಿಂದ ಹೇಳಿಕೆಗಳೂ ಬಂದವು. ಈ ವಾಗ್ವಾದದಲ್ಲಿ ಯಾರ ಪಕ್ಷವನ್ನೂ ವಹಿಸಿ ಮಾತನಾಡುವುದು ನನ್ನ ಉದ್ದೇಶವಲ್ಲ. ಮುಚ್ಚುವುದೋ ಸೇರಿಸುವುದೋ ಎಂಬ ಶಬ್ದದ ಜಗಳಕ್ಕಿಂತ, ಯಾವ ಲೆಕ್ಕವನ್ನು ನಂಬಿ ಈ ಮಾತು ಹೊರಟಿತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ನಮ್ಮ ಸೀಮೆಯ ಊರುಗಳ ಹೆಸರನ್ನು ಗಮನಿಸಿದ್ದೀರಾ? ಅವುಗಳಲ್ಲಿ ಹಲವು ‘ದೊಡ್ಡಿ’ ಎಂದು ಮುಗಿಯುತ್ತವೆ. ದೊಡ್ಡಿಯೆಂದರೆ ದನ ಕೂಡುವ ಆವರಣ. ಹೊಲದ ಬಳಿ ದನಗಳಿಗೆಂದು ಬೇಲಿ ಕಟ್ಟಿದವನು ಕಾವಲಿಗೆಂದು ಗುಡಿಸಲು ಹಾಕಿದ. ಗುಡಿಸಲಿನಲ್ಲಿ ಸಂಸಾರ ನಿಂತಿತು. ಅಣ್ಣತಮ್ಮಂದಿರು ಪಾಲಾದಾಗ ಪಕ್ಕದಲ್ಲಿ ಮತ್ತೆರಡು ಮನೆ ಎದ್ದವು. ಮೂರು ತಲೆಮಾರು ಕಳೆಯುವ ಹೊತ್ತಿಗೆ ಮಾರಿಗುಡಿಯೂ ಹಾಲಿನ ಡೈರಿಯೂ ನಾಲ್ಕು ಕೊಠಡಿಯ ಶಾಲೆಯೂ ಇರುವ ಊರಾಯಿತು. ಜನ ಎಲ್ಲಿ ನೆಲಸುತ್ತಾರೆಂಬುದನ್ನು ಯಾವ ನಕಾಶೆಯೂ ಮುಂಚಿತವಾಗಿ ಹೇಳಲಿಲ್ಲ. ಮೊದಲ ದನವನ್ನು ಕಟ್ಟಿದ ದಿನ ಬಂದು ಎಣಿಸಿದ ಅಧಿಕಾರಿಗೆ ಅಲ್ಲಿ ಶಾಲೆಯ ಅವಶ್ಯಕತೆ ಕಾಣುತ್ತಿರಲಿಲ್ಲ. ಎಣಿಕೆಯೆಂಬುದು ಎಣಿಸಿದ ದಿನಕ್ಕೆ ಸತ್ಯ. ಶಾಲೆಯ ಕಟ್ಟಡವಾದರೋ ಐವತ್ತು ವರ್ಷ ನಿಲ್ಲಬೇಕಾದ ವಸ್ತು.

ಇನ್ನು ಹಾಜರಿ ಪುಸ್ತಕದ ವಿಷಯ. ಅದರಲ್ಲಿರುವುದು ಊರಿನ ಮಕ್ಕಳ ಸಂಖ್ಯೆಯೆಂದು ತಾವು ಓದಿಕೊಂಡರೆ ಅದು ಭ್ರಾಂತಿ. ಊರಿನ ಮಕ್ಕಳಲ್ಲಿ ಎಷ್ಟು ಜನರ ತಂದೆತಾಯಿಗಳಿಗೆ ಈ ವರ್ಷ ಆ ಶಾಲೆಯ ಮೇಲೆ ನಂಬಿಕೆಯಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ನಾನೊಂದು ದೊಡ್ಡಿಯ ಶಾಲೆಯಲ್ಲಿದ್ದಾಗ ಐದು ತರಗತಿಗೂ ಸೇರಿ ಒಂಬತ್ತು ಮಕ್ಕಳಿದ್ದರು. ಜೂನ್ ತಿಂಗಳ ದಾಖಲಾತಿ ಆಂದೋಲನದಲ್ಲಿ ಮನೆಮನೆಗೆ ಹೋಗಿ ಎಣಿಸಿದಾಗ ಆ ವಯಸ್ಸಿನ ಮಕ್ಕಳು ಇಪ್ಪತ್ತಾರು ಜನ ಸಿಕ್ಕಿದರು. ಹದಿನೇಳು ಮಕ್ಕಳು ಬೆಳಿಗ್ಗೆ ಎಂಟಕ್ಕೇ ವ್ಯಾನು ಹತ್ತುತ್ತಿದ್ದರು. ಏಕೆಂದು ಕೇಳಿದರೆ ಒಬ್ಬ ತಾಯಿ ಬಹಳ ವಿನಯದಿಂದ, “ನೀವು ಒಳ್ಳೆಯವರೇ ಮೇಷ್ಟ್ರೇ, ಆದರೆ ನೀವೊಬ್ಬರೇ ಇದ್ದೀರಲ್ಲ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳು ಕಡಿಮೆಯೆಂದು ಎರಡನೆಯ ಉಪಾಧ್ಯಾಯರನ್ನು ಹೆಚ್ಚುವರಿಯೆಂದು ಬೇರೆಡೆಗೆ ವರ್ಗಾಯಿಸಿದ್ದರು. ಎರಡನೆಯವರಿಲ್ಲವೆಂದು ಮಕ್ಕಳು ಮತ್ತಷ್ಟು ಕಡಿಮೆಯಾದರು. ಕಡೆಗೆ ಆ ಒಂಬತ್ತೆಂಬ ಅಂಕಿ ಮೇಲಿನ ಕಚೇರಿಗೆ ಹೋಗಿ, ಈ ದೊಡ್ಡಿಯಲ್ಲಿ ಮಕ್ಕಳೇ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಂತಿತು. ತಾವೇ ಮಾಡಿದ ಗಾಯದ ಆಳವನ್ನು ಅಳೆದು, ರೋಗಿ ಮೊದಲಿನಿಂದಲೇ ಹೀಗಿದ್ದನೆಂದು ಬರೆದುಕೊಂಡಂತಾಯಿತು. ಮಾತು ಕಠಿನವಾಗಿದ್ದರೆ ಕ್ಷಮಿಸಿರಿ; ಆ ಅಂಕಿಯನ್ನು ಬರೆದ ಕೈ ನನ್ನದೇ.

ಇದಕ್ಕೆ ವಿಪರೀತವಾದ ಅನುಭವವನ್ನು ನಾನು ಪಡೆದದ್ದು ಬಿಡದಿಯ ಕಡೆಗೆ ವರ್ಗವಾಗಿ ಹೋದಾಗ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕಾರು ತಯಾರಿಸಲು ಆರಂಭಿಸಿದ ಮೇಲೆ ಅದರ ಸುತ್ತ ಬಿಡಿಭಾಗಗಳ ಕಾರ್ಖಾನೆಗಳೂ, ಅವುಗಳ ಸುತ್ತ ಬಾಡಿಗೆಯ ವಠಾರಗಳೂ ಬೆಳೆದ ಬಗೆಯನ್ನು ಕಣ್ಣಾರೆ ಕಂಡವರು ಇನ್ನೂ ಬಹಳ ಜನ ಇದ್ದಾರೆ. ನಾನು ಸೇರಿದ ಶಾಲೆ ಹಿಂದಿನ ಕಾಲದ ಒಂದು ರಾಗಿ ಹೊಲದ ಹಳ್ಳಿಗೆಂದು ಕಟ್ಟಿದ ಎರಡು ಕೊಠಡಿಯ ಶಾಲೆ. ಅದರಲ್ಲಿ ಯಾದಗಿರಿ, ರಾಯಚೂರುಗಳ ಗಾರೆ ಕೆಲಸದವರ ಮಕ್ಕಳು, ಒಡಿಶಾದ ಕೂಲಿಯವರ ಮಕ್ಕಳು, ಬಿಹಾರದಿಂದ ಬಂದ ಕಾವಲುಗಾರನ ಅವಳಿ ಹೆಣ್ಣುಮಕ್ಕಳು ಎಲ್ಲರೂ ಸೇರಿ ನೂರು ದಾಟಿದರು. ಒಂದನೆಯದರಿಂದ ಮೂರನೆಯವರೆಗಿನ ನಲಿ-ಕಲಿ ಮಕ್ಕಳು ಜಗಲಿಯಲ್ಲಿ, ನಾಲ್ಕು ಐದು ಒಂದು ಕೊಠಡಿಯಲ್ಲಿ, ಉಳಿದವರು ಮತ್ತೊಂದರಲ್ಲಿ. ಬಿಸಿಯೂಟದ ಅಕ್ಕಿಯ ಮೂಟೆ ನನ್ನ ಕುರ್ಚಿಯ ಪಕ್ಕದಲ್ಲಿ. ಹುಣಿಸೆಯ ಮರದಡಿಯ ಪಾಠವನ್ನು ಶಾಂತಿನಿಕೇತನವೆಂದು ತಮಾಷೆ ಮಾಡಿಕೊಂಡು ಕಾಲ ಹಾಕಿದೆವು. ಮಳೆ ಬಂದ ದಿನ ಆ ತಮಾಷೆ ನಿಲ್ಲುತ್ತಿತ್ತು.

ಅಲ್ಲಿಯೂ ಅಂಕಿಯೇ ನಮಗೆ ಶತ್ರುವಾಯಿತು. ಉತ್ತರ ಕರ್ನಾಟಕದ ಕೂಲಿಯವರು ತಮ್ಮ ಊರಿನ ಬಿತ್ತನೆಯನ್ನು ಮುಗಿಸಿಕೊಂಡು ದಸರೆ ದೀಪಾವಳಿಗಳ ನಂತರ ಬರುತ್ತಾರೆ. ಬೇಸಗೆಯಲ್ಲಿ ಇನ್ನೊಂದು ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಸೆಪ್ಟೆಂಬರ್ 30ರಂದು ಎಣಿಸಿದರೆ ಅವರ ಮಕ್ಕಳು ಇಲ್ಲ. ನವೆಂಬರಿನಲ್ಲಿ ಬಂದರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಕೊಠಡಿ ಬೇಕೆಂದು ಬರೆದಾಗ, ತಮ್ಮ ಅಂಕಿಯ ಪ್ರಕಾರ ಇರುವುದು ಸಾಕೆಂಬ ಉತ್ತರ ಬಂದಿತು. ಆಮೇಲೆ ಹೇಗೋ ಒಂದು ಕೊಠಡಿ ಮಂಜೂರಾದಾಗ ಅದನ್ನು ಕಟ್ಟಲು ಜಾಗವಿರಲಿಲ್ಲ. ಶಾಲೆಯ ಹಿಂದೆ ಆಟದ ಬಯಲೆಂದು ಎಲ್ಲರೂ ನಂಬಿದ್ದ ನೆಲಕ್ಕೆ ಕಾಗದವೇ ಇಲ್ಲದೆ, ಅದು ಬೇರೊಂದು ಉಪಯೋಗಕ್ಕೆ ಹೋಗಿ ಬಹಳ ದಿನವಾಗಿತ್ತು. ಯಾರನ್ನೂ ಹೆಸರಿಸಿ ದೂರುವ ಇಚ್ಛೆ ನನಗಿಲ್ಲ. ಹಣ ತಡವಾದರೂ ದೊರೆಯುತ್ತದೆ, ಉಪಾಧ್ಯಾಯರು ತಡವಾದರೂ ದೊರೆಯುತ್ತಾರೆ. ಕೈಬಿಟ್ಟ ನೆಲ ಮಾತ್ರ ಮರಳಿ ದೊರೆಯುವುದಿಲ್ಲವೆಂಬುದನ್ನು ನಾನು ಕಲಿತದ್ದು ಆ ಹುಣಿಸೆಯ ಮರದ ಕೆಳಗೆ.

ಈ ಎರಡು ಶಾಲೆಗಳ ನಡುವೆ ದೂರವೆಷ್ಟು? ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಬರಿದಾಗುವ ಕೊಠಡಿ, ಮತ್ತೊಂದು ಕಡೆ ಜಗಲಿಯಲ್ಲಿ ಪಾಠ. ನಮ್ಮ ಜನಸಂಖ್ಯೆಯ ಕಥೆಯೇ ಹೀಗೆ. 2001ರಲ್ಲಿ ಈ ಜಿಲ್ಲೆಯ ಪ್ರದೇಶದಲ್ಲಿ 10,30,546 ಜನರಿದ್ದರು, 2011ರಲ್ಲಿ 10,82,636. ಹತ್ತು ವರ್ಷಕ್ಕೆ ನೂರಕ್ಕೆ ಐದರಷ್ಟು ಹೆಚ್ಚಳ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ನಮ್ಮ ರೇಷ್ಮೆಯ ಹೊಲದ ಹುಡುಗರು, ಬಣ್ಣದ ಗೊಂಬೆ ತಿರುಗಿಸುತ್ತಿದ್ದವರ ಮಕ್ಕಳು ಅಲ್ಲಿಗೆ ಹೋಗಿ ಸೇರಿದರು. ಆ ಕಾಲಕ್ಕೆ ಇಲ್ಲಿನ ಶಾಲೆಗಳು ಬರಿದಾದುದು ಸಹಜ. ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ವಿಷಯದಲ್ಲಿ ಹೇಳಿರುವುದನ್ನು ನೋಡಿದರೆ, ಹುಟ್ಟಿನಿಂದ ನಮ್ಮ ಶಾಲೆಗಳು ತುಂಬುವ ಕಾಲ ಮುಗಿಯಿತೆಂದೇ ಹೇಳಬೇಕು.

ಆದರೆ ಜನಸಂಖ್ಯೆ ಹುಟ್ಟಿನಿಂದ ಮಾತ್ರ ಬೆಳೆಯುವುದಿಲ್ಲ, ಬರುವುದರಿಂದಲೂ ಬೆಳೆಯುತ್ತದೆ. ನಮ್ಮ ಮಕ್ಕಳು ಬೆಂಗಳೂರಿಗೆ ಹೋದ ಕಾಲ ಒಂದು. ಬೆಂಗಳೂರೇ ನಮ್ಮಲ್ಲಿಗೆ ಬರುತ್ತಿರುವ ಕಾಲ ಇದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರವೆನಿಸಿದ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಧರಿಸಿತು. ಜನರಿಗಿಂತ ಮೊದಲು ಹೆಸರು ಬಂದು ಇಳಿದಿದೆ, ಸಾಮಾನುಗಳು ಹಿಂದಿನ ಲಾರಿಯಲ್ಲಿ ಬರುತ್ತಿವೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೈಸೂರಿನ ಹೆದ್ದಾರಿ ರಾಮನಗರ ಚನ್ನಪಟ್ಟಣಗಳ ಪೇಟೆಯನ್ನು ಬಿಟ್ಟು ಹೊರಗಿನ ಹೊಲಗಳಲ್ಲಿ ಹಾದುಹೋಗುತ್ತದೆ. ಅದರ ಇಕ್ಕೆಲದಲ್ಲಿ ಮಾವಿನ ತೋಪು ಕಡಿದು ಕಲ್ಲು ನೆಟ್ಟು ನಿವೇಶನವೆಂದು ಬಣ್ಣದ ಬಾವುಟ ಹಾರಿಸಿರುವುದನ್ನು ತಾವು ಜೀಪಿನಲ್ಲಿ ಹೋಗುವಾಗ ಕಂಡಿರುತ್ತೀರಿ. ಬಿಡದಿಯ ಬೈರಮಂಗಲ, ಕಂಚುಗಾರನಹಳ್ಳಿಗಳ ಕಡೆ ದೊಡ್ಡ ಉಪನಗರದ ಯೋಜನೆ ಎದ್ದಿದ್ದು, ಅಲ್ಲಿನ ರೈತರು ತಮ್ಮ ನೆಲಕ್ಕಾಗಿ ಧ್ವನಿಯೆತ್ತಿದ್ದಾರೆ. ಆ ವ್ಯಾಜ್ಯ ಹೇಗೆ ಮುಗಿದರೂ, ಈ ದಿಕ್ಕಿಗೆ ಊರು ಹರಿಯುವುದು ನಿಲ್ಲದು. ಇಷ್ಟಾದರೂ ನಮ್ಮ ಕೈಯಲ್ಲಿರುವ ಕಡೆಯ ಜನಗಣತಿ 2011ರದು. ಮುಂದಿನದು 2027ರ ಫೆಬ್ರವರಿಯಲ್ಲಿ. 2011ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಓದುತ್ತಿರುತ್ತದೆ.

ಹೀಗಿರುವಲ್ಲಿ, ಹೋದ ಕಾಲದ ವಲಸೆಯಿಂದ ಬರಿದಾದ ಶಾಲೆಯನ್ನು ನೋಡಿ ಬರುವ ಕಾಲದ ವಲಸೆಗೆ ಬಾಗಿಲು ಹಾಕುವುದು ವಿವೇಕವೆ ಎಂದು ತಮ್ಮನ್ನು ಕೇಳುತ್ತೇನೆ.

ಸಣ್ಣ ಶಾಲೆಯ ಮೇಲಿನ ಮೋಹದಿಂದ ನಾನು ಈ ಮಾತನ್ನು ಹೇಳುತ್ತಿಲ್ಲ. ಐದು ತರಗತಿಗೆ ಒಬ್ಬನೇ ಉಪಾಧ್ಯಾಯನಾಗಿದ್ದು ನಡೆಸಿದವನಿಗೆ ಅದರ ದೈನ್ಯ ಗೊತ್ತು. ಎರಡನೆಯ ತರಗತಿಯಲ್ಲಿ ಒಬ್ಬಳೇ ಹುಡುಗಿ; ಅವಳಿಗೆ ಜೊತೆಗೆ ಕೂತು ಪದ್ಯ ಹೇಳುವ ಗೆಳತಿಯಿಲ್ಲ, ಕುಂಟೆಬಿಲ್ಲೆ ಆಡಲು ಎದುರಾಳಿಯಿಲ್ಲ. ನಾನು ಸಭೆಗೆ ಹೋದ ದಿನ ಶಾಲೆಗೇ ರಜೆ. ದೊಡ್ಡ ಶಾಲೆಯಲ್ಲಿ ವಿಜ್ಞಾನಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ಆಟಕ್ಕೊಬ್ಬರು ಉಪಾಧ್ಯಾಯರಿರುವುದು ಸಾಮಾನ್ಯ ಭಾಗ್ಯವಲ್ಲ. ಐದನೆಯ ತರಗತಿ ದಾಟಿದ ಮಕ್ಕಳು ಹೊಂಗನೂರಿನಂತಹ ಶಾಲೆಗೆ ಬರುವುದನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ. ಸೈಕಲ್ಲು ತುಳಿಯುವ ವಯಸ್ಸು ಅದು. ಆದರೆ ಆರು ವರ್ಷದ ಮಗುವಿನ ಲೆಕ್ಕ ಬೇರೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ನೆರೆಹೊರೆಯಲ್ಲಿ ಶಾಲೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದಿತು. ಕಿರಿಯ ಪ್ರಾಥಮಿಕದ ಮಗುವಿಗೆ ಒಂದು ಕಿಲೋಮೀಟರು, ಹಿರಿಯ ಪ್ರಾಥಮಿಕಕ್ಕೆ ಮೂರು ಎಂಬುದು ನಿಯಮಗಳು ಇಟ್ಟ ಅಳತೆ. ಬಸ್ಸು ಬಿಡುತ್ತೇವೆಂದು ಹೇಳುತ್ತೀರಿ. ಬಿಡಿರಿ, ಸಂತೋಷ. ಆದರೆ ಬಸ್ಸಿಗೆ ಡೀಸೆಲ್ಲು ಬೇಕು, ಚಾಲಕ ಬೇಕು, ಪ್ರತಿ ವರ್ಷ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಆ ಸಾಲು ಒಂದು ವರ್ಷ ಬಿದ್ದುಹೋದರೆ ಮೊದಲು ಮನೆಯಲ್ಲಿ ಉಳಿಯುವುದು ಯಾರ ಮಗಳೆಂದು ನಾವೆಲ್ಲರೂ ಬಲ್ಲೆವು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಕಾನೂನು ಕೊಟ್ಟಿದ್ದ ನೂರಕ್ಕೆ ಇಪ್ಪತ್ತೈದರ ಸೀಟುಗಳನ್ನು, ನೆರೆಹೊರೆಯಲ್ಲಿ ಸರ್ಕಾರಿ ಶಾಲೆಯಿದ್ದಲ್ಲಿ ಕೊಡಬೇಕಾಗಿಲ್ಲವೆಂದು 2019ರಿಂದ ಈಚೆಗೆ ನಮ್ಮ ರಾಜ್ಯದ ನಿಯಮ ಬದಲಾಯಿತು. ಸರ್ಕಾರಿ ಶಾಲೆಯನ್ನು ಉಳಿಸುವ ದೃಷ್ಟಿಯಿಂದ ನಾನದನ್ನು ಆಗ ಮೆಚ್ಚಿಕೊಂಡೆ. ನಮ್ಮ ಶಾಲೆ ಇಲ್ಲೇ ಇದೆಯಲ್ಲ, ಅಲ್ಲಿಗೇಕೆ ಹೋಗುತ್ತೀರಿ ಎಂದು ಬಡವನಿಗೆ ಹೇಳಿದ ಸರ್ಕಾರ, ಆ ಶಾಲೆಯನ್ನು ಇಲ್ಲಿಯೇ ಇಟ್ಟಿರಬೇಕಾದದ್ದು ಮಾತಿಗೆ ಮರ್ಯಾದೆ.

ನಗರ ಯೋಜನೆಯ ಮಹನೀಯರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ತಮ್ಮ ಶಾಸ್ತ್ರವನ್ನು ನಾನು ಓದಿದವನಲ್ಲ. ಆದರೆ 1929ರಲ್ಲಿಯೇ ನ್ಯೂಯಾರ್ಕಿನ ಕ್ಲಾರೆನ್ಸ್ ಪೆರಿ ಎಂಬಾತನು ನೆರೆಹೊರೆಯೆಂದರೆ ಒಂದು ಪ್ರಾಥಮಿಕ ಶಾಲೆಯನ್ನು ನಡುವೆ ಇಟ್ಟುಕೊಂಡು, ಮಗು ದೊಡ್ಡ ರಸ್ತೆಯನ್ನು ದಾಟದೆ ನಡೆದು ತಲುಪುವಷ್ಟು ವಿಸ್ತಾರದ ವಸತಿಯೆಂದು ವಿಧಿಸಿದನೆಂಬುದನ್ನು ತಮ್ಮವರೇ ಒಬ್ಬರು ನನಗೆ ಹೇಳಿದರು. ಮೊದಲು ಶಾಲೆ, ಆಮೇಲೆ ಮನೆ. ನಮ್ಮಲ್ಲಿ ಕ್ರಮ ತಿರುಗಿದೆ. ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಒಂದು ಮೂಲೆಯನ್ನು ಗೆರೆಯಿಂದ ಸುತ್ತುವರಿಯಲಾಗುತ್ತದೆ. ಅದು ಚಿಕಿತ್ಸಾಲಯವೋ ಸಮುದಾಯ ಭವನವೋ ಯಾರು ಮೊದಲು ಅರ್ಜಿ ಹಾಕಿದರೋ ಅವರದಾಗುತ್ತದೆ. ಸಣ್ಣ ಸಣ್ಣ ಬಡಾವಣೆಗಳನ್ನು ಒಂದೊಂದಾಗಿ ಒಪ್ಪುವುದರಿಂದ, ಹತ್ತು ಬಡಾವಣೆ ಸೇರಿದರೂ ಶಾಲೆಗೆ ಸಾಲುವಷ್ಟು ನೆಲ ಒಂದೆಡೆ ಉಳಿಯುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ: ಮುನ್ನೂರು ಮನೆಯ ಬಡಾವಣೆ, ಎರಡು ಮನೆಗೆ ಒಂದರಂತೆ ಪ್ರಾಥಮಿಕ ವಯಸ್ಸಿನ ಮಗು, ಆ ನೂರೈವತ್ತರಲ್ಲಿ ಅರ್ಧ ಜನ ಸರ್ಕಾರಿ ಶಾಲೆಗೆ ಬಂದರು. ಎಪ್ಪತ್ತೈದು ಮಕ್ಕಳು. ಶಿಕ್ಷಣ ಹಕ್ಕಿನ ಕಾನೂನಿನ ಅನುಸೂಚಿಯ ಪ್ರಕಾರವೇ ಅವರಿಗೆ ಮೂವರು ಉಪಾಧ್ಯಾಯರೂ ಒಬ್ಬೊಬ್ಬರಿಗೆ ಒಂದೊಂದು ಕೊಠಡಿಯೂ ಬೇಕು. ಹೆಣ್ಣುಮಕ್ಕಳಿಗೆ ಬೇರೆ ಶೌಚಗೃಹ, ನೀರು, ಅಡುಗೆಯ ಕೋಣೆ, ಆಟದ ಬಯಲು ಬೇರೆ. ಇದೆಲ್ಲವೂ ಮುನ್ನೂರು ಮನೆಯ ಒಂದೇ ಬಡಾವಣೆಗೆ. ಒಪ್ಪಿಗೆಯ ಮೊಹರು ಹಾಕುವ ಮೊದಲು ಈ ಎಪ್ಪತ್ತೈದು ಮಕ್ಕಳು ಎಲ್ಲಿ ಕೂರುವರೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಒಂದು ಪತ್ರ ಬರೆದು ಕೇಳುವ ಪದ್ಧತಿಯನ್ನಾದರೂ ತಾವು ಇಟ್ಟುಕೊಳ್ಳಬಾರದೆ? ವಿದ್ಯುಚ್ಛಕ್ತಿಯವರನ್ನು ಕೇಳುತ್ತೀರಿ, ನೀರಿನವರನ್ನು ಕೇಳುತ್ತೀರಿ.

ಇನ್ನು ಹಳೆಯ ಶಾಲೆಗಳ ನೆಲದ ವಿಚಾರ. ಇದರಲ್ಲಿ ನನಗೆ ಆತಂಕ ಹೆಚ್ಚು. ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಮೈಸೂರು ಸಂಸ್ಥಾನದಲ್ಲಿ 1913ರಷ್ಟು ಹಿಂದೆಯೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬಂದಿತು. ಆ ಕಾನೂನು ಹಳ್ಳಿಗಳನ್ನು ಮುಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು. ಹಳ್ಳಿಗೆ ಶಾಲೆಯನ್ನು ತಂದವರು ಹೆಚ್ಚಾಗಿ ಆಯಾ ಊರಿನ ಗೌಡರೂ ರೈತರೂ. ಬಾಯಿಮಾತಿನಲ್ಲಿ ಹತ್ತು ಗುಂಟೆ ಬಿಟ್ಟುಕೊಟ್ಟರು. ಊರವರು ಗಾಡಿಯಲ್ಲಿ ಕಲ್ಲು ಹೊಡೆದು ಗೋಡೆ ಎಬ್ಬಿಸಿದರು. ಕೊಟ್ಟವನಿಗೂ ತೆಗೆದುಕೊಂಡವನಿಗೂ ಕಾಗದದ ಯೋಚನೆ ಬರಲಿಲ್ಲ. ಇಂದು ಅದೇ ಹತ್ತು ಗುಂಟೆಯ ಬೆಲೆ ಕೋಟಿಯ ಮಾತಾಗಿದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ. ಮೊಮ್ಮಗ ವಕೀಲರನ್ನು ಕಂಡುಬಂದಿದ್ದಾನೆ. ಶಾಲೆ ನಡೆಯುತ್ತಿರುವವರೆಗೆ ಊರಿನ ಮುಖ ನೋಡಿ ಅವನು ಸುಮ್ಮನಿರುತ್ತಾನೆ. ಬಾಗಿಲಿಗೆ ಬೀಗ ಬಿದ್ದ ವರ್ಷವೇ ಬೇಲಿ ಬರುತ್ತದೆ. ಸುಣ್ಣಘಟ್ಟ, ಸಂತೆಮೊಗೇನಹಳ್ಳಿ ಮೊದಲಾದ ನಮ್ಮ ಸುತ್ತಿನ ಊರುಗಳೇ ಆಗಲಿ, ಕನಕಪುರ ಮಾಗಡಿಗಳ ದೊಡ್ಡಿಗಳೇ ಆಗಲಿ, ಇಪ್ಪತ್ತು ವರ್ಷದ ನಂತರ ಬಡಾವಣೆಗಳ ನಡುವೆ ಸಿಕ್ಕಿಕೊಂಡಾಗ ಅಲ್ಲಿ ಒಂದು ಶಾಲೆ ಕಟ್ಟಬೇಕೆಂದರೆ ಸರ್ಕಾರದ ಖಜಾನೆಗೇ ಆ ನೆಲವನ್ನು ಕೊಳ್ಳುವ ಶಕ್ತಿ ಇರದು. ಜಪಾನಿನಲ್ಲಿ ಮಕ್ಕಳು ಕಡಿಮೆಯಾಗಿ ವರ್ಷಕ್ಕೆ ನೂರಾರು ಶಾಲೆಗಳು ನಿಲ್ಲುತ್ತವೆಯಂತೆ. ಅವರು ಅಂಥ ಕಟ್ಟಡಗಳಲ್ಲಿ ಅನೇಕವನ್ನು ಊರಿನ ಸಾರ್ವಜನಿಕ ಉಪಯೋಗಕ್ಕೇ ಇಟ್ಟುಕೊಂಡಿದ್ದಾರೆ. ಅಲ್ಲಿ ಮುಂದೆ ಬರುವ ಜನರೇ ಇಲ್ಲ. ಆದರೂ ಅವರು ಕಳೆದುಕೊಳ್ಳಲಿಲ್ಲ. ನಮ್ಮಲ್ಲಿ ಜನ ದಾರಿಯಲ್ಲಿದ್ದಾರೆ.

ಆದುದರಿಂದ ನನ್ನ ಬೇಡಿಕೆಗಳು ಇಷ್ಟು. ತಾಲ್ಲೂಕಿನ ಪ್ರತಿಯೊಂದು ಸರ್ಕಾರಿ ಶಾಲೆಯ ನೆಲವನ್ನು, ಅಲ್ಲಿ ಒಂಬತ್ತು ಮಕ್ಕಳಿರಲಿ ಒಬ್ಬರೂ ಇಲ್ಲದಿರಲಿ, ಮೊದಲು ಅಳೆದು, ಇಲಾಖೆಯ ಹೆಸರಿಗೆ ಪಹಣಿ ಖಾತೆಗಳನ್ನು ಮಾಡಿಸಿರಿ. ದಾನಿಗಳ ಮಕ್ಕಳು ಮೊಮ್ಮಕ್ಕಳನ್ನು ಶಾಲೆಗೆ ಕರೆದು, ಒಂದು ಹಾರ ಹಾಕಿ, ಅವರ ಅಜ್ಜನ ಹೆಸರನ್ನು ಗೋಡೆಯ ಮೇಲೆ ಬರೆಸಿದರೆ ಬಹಳ ಕಡೆ ಸಹಿ ಬೀಳುತ್ತದೆಂಬುದು ನನ್ನ ಅನುಭವ. ಅದು ಮುಗಿಯುವವರೆಗೆ ಯಾವ ಶಾಲೆಯ ಬಾಗಿಲಿಗೂ ಬೀಗ ಬೀಳದಿರಲಿ. ಅನಿವಾರ್ಯವಾಗಿ ಪಾಠ ನಿಂತರೂ ಅಂಗನವಾಡಿಯನ್ನೋ ಗ್ರಂಥಾಲಯವನ್ನೋ ಅಲ್ಲಿ ನಡೆಸಿ, ದೀಪ ಆರದಂತೆ ನೋಡಿಕೊಳ್ಳಿರಿ. ಹೊಂಗನೂರಿನ ದೊಡ್ಡ ಶಾಲೆ ಸುತ್ತಿನ ದೊಡ್ಡಿಗಳ ಶಾಲೆಗೆ ತಾಯಿಯಂತಿರಲಿ. ಅದರ ಇಂಗ್ಲಿಷಿನ ಉಪಾಧ್ಯಾಯರು ವಾರಕ್ಕೆ ಎರಡು ದಿನ ದೊಡ್ಡಿಗೆ ಹೋಗಿಬರಲಿ, ದೊಡ್ಡಿಯ ಮಕ್ಕಳು ಶನಿವಾರ ಇಲ್ಲಿಗೆ ಬಂದು ಆಡಿಹೋಗಲಿ. ಮೇಷ್ಟ್ರು ಒಬ್ಬರಾಗಿರದಂತೆ ಮಾಡಿದರೆ ವ್ಯಾನು ಹತ್ತಿದ ಹದಿನೇಳರಲ್ಲಿ ಕೆಲವರಾದರೂ ಇಳಿಯುತ್ತಾರೆ.

ಎಣಿಕೆಯ ವಿಷಯದಲ್ಲಿ ನನ್ನ ಪ್ರಾರ್ಥನೆ, ಸೆಪ್ಟೆಂಬರ್ 30ರ ಅಂಕಿಯ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಬರೆಸಿರೆಂದು: ಊರಿನಲ್ಲಿರುವ ಆ ವಯಸ್ಸಿನ ಒಟ್ಟು ಮಕ್ಕಳು, ಮತ್ತು ಅಂಗನವಾಡಿಯ ಪುಸ್ತಕದಲ್ಲಿರುವ, ಇನ್ನು ಮೂರು ನಾಲ್ಕು ವರ್ಷದಲ್ಲಿ ಒಂದನೆಯ ತರಗತಿಗೆ ಬರತಕ್ಕ ಕೂಸುಗಳು. ಕೈಗಾರಿಕೆಯ ಸೀಮೆಯಲ್ಲಿ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಣಿಸಿರಿ. ಇದಕ್ಕೆ ಹೊಸ ಸಮಿತಿ ಬೇಡ, ಸಲಹಾ ಸಂಸ್ಥೆ ಬೇಡ. ಅಂಗನವಾಡಿಯ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಬಸುರಿ ಇದ್ದಾಳೆಂಬುದು ಕೂಡ ಗೊತ್ತು. ಆಕೆಯನ್ನು ಕೇಳುವವರಿಲ್ಲ ಅಷ್ಟೆ.

ಕಡೆಯದಾಗಿ ಒಂದು ಆಹ್ವಾನ. ತಮ್ಮಲ್ಲಿ ಯಾರೇ ಆಗಲಿ, ಬರುವ ಜೂನ್ ತಿಂಗಳಿನ ಒಂದು ಶಾಲೆಯ ದಿನ, ಬೆಳಿಗ್ಗೆ ಎಂಟೂವರೆಗೆ, ವಾಹನವನ್ನು ಹೊಂಗನೂರಿನಲ್ಲಿಯೇ ನಿಲ್ಲಿಸಿ ಬನ್ನಿರಿ. ಸೇರಿಸಬೇಕೆಂದು ತಮಗೆ ತೋರಿದ ಯಾವ ದೊಡ್ಡಿಯಿಂದಾದರೂ ಸರಿಯೇ, ಒಂದನೆಯ ತರಗತಿಯ ಮಗುವೊಂದರ ಕೈ ಹಿಡಿದುಕೊಂಡು, ಅದರ ಚೀಲವನ್ನು ಅದರ ಬೆನ್ನಿನ ಮೇಲೆಯೇ ಬಿಟ್ಟು, ಅದರ ನಡಿಗೆಯ ವೇಗದಲ್ಲಿ ಈ ಶಾಲೆಯ ಬಾಗಿಲವರೆಗೆ ನಡೆಯೋಣ. ದಾರಿಯನ್ನು ಬಲ್ಲ ನಾನು ಜೊತೆಗೆ ಬರುತ್ತೇನೆ.

ಇತಿ,
ತಮ್ಮ ವಿಶ್ವಾಸಿ ಹಾಗೂ ವಿಧೇಯ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯ,
ಹೊಂಗನೂರು.